ಕಳೆದುಹೋದ ಕಾಗದ

ವೀರನಿಗೆ ಸಲ್ಲತಕ್ಕ ಮರ್ಯಾದೆಯನ್ನು ತಲೆಮಾರುಗಳವರೆಗೆ ತಡೆಹಿಡಿದು ಕಡೆಗೊಮ್ಮೆ ಕೊಟ್ಟರೆ, ಅದನ್ನು ಔದಾರ್ಯವೆಂದು ಕೊಂಡಾಡುವವರುಂಟು. ಇವರು ಅಮೆರಿಕಾ ದೇಶದ ಕಾರ್ಪೊರಲ್ ಫ್ರೆಡ್ಡಿ ಸ್ಟೋವರ್ಸನ ವೃತ್ತಾಂತವನ್ನು ವಿಚಾರಿಸತಕ್ಕದ್ದು.

1918ನೆಯ ಸೆಪ್ಟೆಂಬರ್ 28ರಂದು, ಫ್ರಾನ್ಸಿನ ಷಾಂಪೇನ್ ಪ್ರಾಂತದ 188ನೆಯ ಗುಡ್ಡವನ್ನು ಹಿಡಿಯಲು ಕರಿಯ ಯೋಧರ 371ನೆಯ ಪದಾತಿದಳವು ನಡೆಯಿತು. ಶತ್ರುಗಳು ಶರಣಾದಂತೆ ಕೈಯೆತ್ತಿ, ಇವರು ಸಮೀಪಿಸಿದೊಡನೆ ಗುಂಡಿನ ಮಳೆಗರೆದರು. ಸ್ಟೋವರ್ಸನ ತುಕಡಿಯಲ್ಲಿ ಅರ್ಧಕ್ಕೂ ಮಿಕ್ಕವರು ಉರುಳಿದರು. ಮೇಲಿನವರೆಲ್ಲ ಬಿದ್ದಮೇಲೆ ಆತನೇ ಮುಂದಾಳಾಗಿ, ತೆವಳುತ್ತ ಹೋಗಿ, ಮೆಷಿನ್ ಗನ್ನಿನ ನೆಲೆಯೊಂದನ್ನು ನಾಶಗೊಳಿಸಿದನು. ಎರಡನೆಯ ಕಂದಕದೆಡೆಗೆ ಸಾಗುವಾಗ ಪ್ರಾಣಾಂತಿಕವಾಗಿ ಗಾಯಗೊಂಡರೂ, ಉಸಿರಿರುವತನಕ ಸಂಗಡಿಗರನ್ನು ಹುರಿದುಂಬಿಸಿದನು. ಗುಡ್ಡವು ಕೈವಶವಾಯಿತು.

ಆತನಿಗೆ ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್ ಸಲ್ಲಬೇಕೆಂದು ಆಗಲೇ ಶಿಫಾರಸು ನಡೆದಿತ್ತು. ಪದಕವು ಬಂದುದು 72 ವರ್ಷಗಳ ಮೇಲೆ, 1991ನೆಯ ಏಪ್ರಿಲ್ 24ರಂದು. ಪಡೆದವರು ಆತನ ವೃದ್ಧ ಸಹೋದರಿಯರಿಬ್ಬರು. ಕಾಗದವು ಎಲ್ಲಿಯೋ ಕಳೆದುಹೋಗಿದ್ದಿತೆಂಬುದು ಸೈನ್ಯದವರ ಸಮಾಧಾನ.

ಒಬ್ಬನ ಕಾಗದ ಕಳೆಯಬಹುದು. ಅದು ನಂಬತಕ್ಕ ಮಾತೇ. ಆದರೆ ಆ ಯುದ್ಧಕಾಲದಲ್ಲಿ ಸೇವೆಗೈದ ಮೂರು ಲಕ್ಷಕ್ಕೂ ಮಿಕ್ಕ ಕರಿಯ ಯೋಧರಲ್ಲಿ ಒಬ್ಬನಿಗಾದರೂ ಅಲ್ಲಿಯವರೆಗೆ ಈ ಪದಕವು ದೊರೆಯಲಿಲ್ಲವಲ್ಲ, ಅದು ಯಾವ ಕಾಗದ ಕಳೆದುದರ ಫಲ? ಕಾರಣವು ಕಡತದಲ್ಲಿರಲಿಲ್ಲ, ಕಣ್ಣಿನಲ್ಲಿತ್ತು. ಆ ಕಣ್ಣು ಮೈಬಣ್ಣವನ್ನು ಕಂಡಿತು, ಶೌರ್ಯವನ್ನು ಕಾಣಲಿಲ್ಲ.

“ತಡವಾದರೂ ಸಂದಿತಲ್ಲ, ಹಳೆಯದನ್ನು ಕೆದಕುವುದೇಕೆ?” ಎನ್ನುವರು. ಸಾಲ ತೀರಿಸಿದವನು ದಾನಿಯೆನಿಸನು. ಪದಕವನ್ನು ಕೊಟ್ಟು, ತಡವಾದ ಕಾರಣವನ್ನು ಮುಚ್ಚಿಟ್ಟರೆ ತೀರಿದುದು ಅಸಲು ಮಾತ್ರ. ಸತ್ಯವನ್ನು ನುಡಿಯುವುದೇ ಅದರ ಬಡ್ಡಿ.