ಹಸುಗೂಸಿನ ಕರುಳು: ಎಣಿಕೆ ತಪ್ಪಿದ್ದೆಲ್ಲಿ?

ಎದೆಹಾಲು ಕುಡಿಯುವ ಕೂಸಿನ ಮಲದಲ್ಲಿ ಬಿಫಿಡೊಬ್ಯಾಕ್ಟೀರಿಯಾ ಇರುವುದನ್ನು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಆನ್ರಿ ಟಿಸಿಯೆ 1899ರಲ್ಲೇ ಕಂಡುಹಿಡಿದಿದ್ದರು. ನೂರು ವರ್ಷದ ನಂತರ, 2000ದಲ್ಲಿ, ನೆದರ್ಲೆಂಡ್ಸ್‌ನ ಗ್ರೋನಿಂಗನ್ ತಂಡ ಅದೇ ಮಾತನ್ನು 'ಫಿಶ್' ಎಂಬ ಹೊಸ ವಿಧಾನದಲ್ಲಿ ಒರೆಗೆ ಹಚ್ಚಿತು. ಹೊಳೆಯುವ ಡಿಎನ್‌ಎ ತುಣುಕನ್ನು ಆಯಾ ಗುಂಪಿನ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಟಿಸಿ, ಸೂಕ್ಷ್ಮದರ್ಶಕದಡಿ ಎಣಿಸುವ ವಿಧಾನವದು. ಪರೀಕ್ಷಿಸಿದ್ದು ಎದೆಹಾಲಿನ 6, ಡಬ್ಬಿ ಹಾಲಿನ 6 ಶಿಶುಗಳನ್ನಷ್ಟೇ. ಎದೆಹಾಲಿನ ಮಕ್ಕಳಲ್ಲಿ ಬಿಫಿಡೊಗಳದೇ ಮೇಲುಗೈ. ಡಬ್ಬಿ ಹಾಲಿನವರಲ್ಲಿ ಬ್ಯಾಕ್ಟೀರಾಯ್ಡಿಸ್ ಎಂಬ ಇನ್ನೊಂದು ಗುಂಪು ಅವುಗಳಿಗೆ ಸರಿಸಾಟಿ.

ವಿಚಿತ್ರವೆಂದರೆ, ಆಮೇಲೆ ಹೆಚ್ಚು ಬಳಕೆಗೆ ಬಂದ ಇನ್ನೂ ವೇಗದ ವಿಧಾನದಲ್ಲಿ ಇದೇ ಬಿಫಿಡೊಗಳು ಲೆಕ್ಕದಿಂದ ಜಾರಿಹೋಗುತ್ತಿದ್ದವು. ಬ್ಯಾಕ್ಟೀರಿಯಾಗಳಲ್ಲೆಲ್ಲ ಇರುವ 16ಎಸ್ ಜೀನನ್ನು ಪಿಸಿಆರ್ ಎಂಬ ನಕಲು ತಂತ್ರದ ಮೂಲಕ ಹೆಚ್ಚಿಸಿ ಓದುವ ಈ ವಿಧಾನದಲ್ಲಿ ಬಹಳ ಮಂದಿ ಬಳಸುತ್ತಿದ್ದ ಒಂದು ಪ್ರೈಮರ್ (ನಕಲು ಶುರುವಾಗಲು ಜೀನಿಗೆ ಅಂಟಬೇಕಾದ ಡಿಎನ್‌ಎ ತುಣುಕು), ಬಿಫಿಡೊಗಳ ಜೀನಿಗೆ ಕೆಲವು ಅಕ್ಷರಗಳಲ್ಲಿ ಹೊಂದುತ್ತಲೇ ಇರಲಿಲ್ಲ. ಬಾಗಿಲು ತೆರೆಯದ ಮನೆಯಲ್ಲಿ ಜನರೇ ಇಲ್ಲವೆಂದು ಗಣತಿದಾರ ಬರೆದುಕೊಂಡು ಹೋದಂತಾಯಿತು. ಸಾಲದ್ದಕ್ಕೆ ಬಿಫಿಡೊಗಳ ಕೋಶಗೋಡೆ ದಪ್ಪ. ಸಣ್ಣ ಮಣಿಗಳೊಡನೆ ಜೋರಾಗಿ ಕುಲುಕಿ ಒಡೆಯದಿದ್ದರೆ ಒಳಗಿನ ಡಿಎನ್‌ಎ ಸರಿಯಾಗಿ ಹೊರಬರುವುದಿಲ್ಲ. ಆದ್ದರಿಂದ 'ಬಿಫಿಡೊ ಕಡಿಮೆ' ಎಂಬ ಫಲಿತಾಂಶ ಕಂಡಾಗ ಮಗುವನ್ನು ಅನುಮಾನಿಸುವ ಮೊದಲು ಪ್ರಯೋಗಾಲಯವನ್ನು ಅನುಮಾನಿಸುವುದು ಲೇಸು.

ಪ್ರೈಮರ್ ತಿದ್ದಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು; ಇರುವುದು ಯಾವ ಬಿಫಿಡೊ ಎಂಬುದೂ ಮುಖ್ಯ. ಎದೆಹಾಲಿನಲ್ಲಿ ಮಗುವಿಗೇ ಜೀರ್ಣವಾಗದ ಸಕ್ಕರೆಗಳಿವೆ. ಲ್ಯಾಕ್ಟೋಸ್ ಮತ್ತು ಕೊಬ್ಬು ಬಿಟ್ಟರೆ ಹಾಲಿನ ಘನಾಂಶದಲ್ಲಿ ಮೂರನೆಯ ಸ್ಥಾನ ಅವುಗಳದೇ. ಅವನ್ನು ಉಣ್ಣುವುದರಲ್ಲಿ ನಿಸ್ಸೀಮವಾದದ್ದು 'ಇನ್ಫ್ಯಾಂಟಿಸ್' ಎಂಬ ಬಿಫಿಡೊ ಉಪಜಾತಿ. ಅದಕ್ಕೆ ಬೇಕಾದ ಜೀನುಗಳ ಗೊಂಚಲೇ ಅದರಲ್ಲಿದೆ ಎಂದು 2008ರಲ್ಲಿ ಪ್ರಕಟವಾದ ಜೀನೋಮ್ ತೋರಿಸಿತು. 16ಎಸ್‌ನ ಒಂದು ತುಂಡನ್ನು ಓದಿದರೆ ಇನ್ಫ್ಯಾಂಟಿಸ್ಸನ್ನೂ ಅದರ ಸೋದರ 'ಲಾಂಗಮ್' ಉಪಜಾತಿಯನ್ನೂ ನೆಚ್ಚಿಕೊಳ್ಳುವಷ್ಟು ಬೇರ್ಪಡಿಸಲಾಗದು. ಸಕ್ಕರೆ ಉಣ್ಣುವ ಆ ಜೀನುಗಳನ್ನೇ ಗುರಿಯಾಗಿಸಿದ ಪಿಸಿಆರ್ ಅಥವಾ ಇಡೀ ಡಿಎನ್‌ಎ ಓದುವ ಶಾಟ್‌ಗನ್ ವಿಧಾನ ಬೇಕು. ಶೇಕಡಾವಾರು ವರದಿಯೂ ಮೋಸ ಮಾಡಬಲ್ಲದು: ಪಾಲು ಏರಿದರೆ ಸಂಖ್ಯೆಯೂ ಏರಿದೆ ಎಂದೇನಿಲ್ಲ.

ಈ ಸೂಕ್ಷ್ಮಗಳೆಲ್ಲ ವಿಜ್ಞಾನಿಗಳ ತಲೆನೋವು ಎಂದು ನಾವು ಸುಮ್ಮನಿರುವಂತಿಲ್ಲ, ಏಕೆಂದರೆ ಔಷಧದಂಗಡಿಯಲ್ಲಿ ಮಕ್ಕಳ ಪ್ರೊಬಯಾಟಿಕ್ ಹನಿ, ಅಂದರೆ ಜೀವಂತ ಬ್ಯಾಕ್ಟೀರಿಯಾ ಇರುವ ಹನಿ, ಮಾರಾಟವಾಗುತ್ತಿದೆ. ಒಡಿಶಾದಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಂಜು ಅಥವಾ ಸಾವಿನ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿದದ್ದು ನಿಜ. ಅಲ್ಲಿ ಕೊಟ್ಟದ್ದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿ ಮತ್ತು ಅದರ ಆಹಾರವಾದ ಸಕ್ಕರೆ. ಸಿಕ್ಕ ಸಿಕ್ಕ ಹನಿಗೆಲ್ಲ ಆ ಕೀರ್ತಿ ಸಲ್ಲದು. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಪ್ರೊಬಯಾಟಿಕ್‌ಗಳು ಅಪಾಯ ತರಬಹುದೆಂದು ಅಮೆರಿಕದ ಎಫ್‌ಡಿಎ 2023ರಲ್ಲಿ ಎಚ್ಚರಿಸಿದೆ. ಬಾಟಲಿಯ ಮೇಲೆ ತಳಿಯ ಪೂರ್ಣ ಹೆಸರಿಲ್ಲದಿದ್ದರೆ ಕೊಳ್ಳಬೇಡಿ. ಇದ್ದರೂ ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ.