ಅರ್ಜಿಯಲ್ಲಿ ಕನ್ನಡ ಯಾಕೆ ಬಿಟ್ಟೆ?

ಮೈನ್‌ಕ್ರಾಫ್ಟ್ ಸರ್ವರ್ ಒಂದಕ್ಕೆ ಮಾಡರೇಟರ್ ಆಗಲು ಮುರುಮದ ನನ್ನ ಹಳೆ ವಿದ್ಯಾರ್ಥಿಯೊಬ್ಬ ಅರ್ಜಿ ಬರೆದು ತಂದಿದ್ದ. "ನಾನು ಪ್ರಾಮಾಣಿಕ, ಶ್ರಮಜೀವಿ" ಅಂತ ಅರ್ಧ ಪುಟ! "ಇದನ್ನ ಎಲ್ಲಾರೂ ಬರೀತಾರಲ್ಲೋ ತಮ್ಮಾ" ಅಂದೆ.

ಆರಿಸುವವರು ನೋಡುವುದೇ ಬೇರೆ. ದಿನಾ ಯಾವ ವೇಳೆಗೆ ಸಿಗುತ್ತೀ? ಇನ್ನೊಬ್ಬರು ಕಟ್ಟಿದ್ದನ್ನು ನಿನ್ನ ಗೆಳೆಯನೇ ಕೆಡವಿದರೆ ಏನು ಮಾಡುತ್ತೀ? ಯಾರು ಕೆಡವಿದರೆಂದು ಕೋರ್‌ಪ್ರೊಟೆಕ್ಟ್ ದಾಖಲೆಯಲ್ಲಿ ನೋಡಿ, ಇಬ್ಬರ ಮಾತೂ ಕೇಳಿ, ಗೆಳೆಯನ ವಿಷಯವಾದ್ದರಿಂದ ತೀರ್ಮಾನವನ್ನು ಹಿರಿಯ ಮಾಡರೇಟರ್‌ಗೆ ಬಿಡುತ್ತೇನೆ ಅಂತ ಬರೆದರೆ ನಂಬಿಕೆ ಹುಟ್ಟುತ್ತದೆ.

ಭಾಷೆಯ ಕಡೆ ಮರಾಠಿ, ಹಿಂದಿ ಅಷ್ಟೇ ಇತ್ತು. "ಕನ್ನಡಾನೂ ಬರೀಲೇನ್ರಿ ಸರ್? ನಗ್ತಾರ."

ನಗಲಿ ಬಿಡು. ಆಟದಲ್ಲಿ ಯಾರಾದರೂ ಕನ್ನಡದಲ್ಲಿ ಬೈದರೆ ತಿಳಿಯುವವರು, ಬೈಸಿಕೊಂಡವನ ದೂರು ಅವನ ಮಾತಿನಲ್ಲೇ ಕೇಳುವವರು ಬೇಡವೇ? ಗಡಿಯ ಮಕ್ಕಳಿಗೆ ಮೂರು ಭಾಷೆ ಬರುವುದು ಕೊರತೆಯಲ್ಲ, ಅರ್ಹತೆ. ಏನಂತೀರಿ?