ಸುಸ್ತು ಎಂದವರ ಮಾತನ್ನು ಪೂರ್ತಿ ಕೇಳಬೇಕು

ಇಂಗ್ಲೆಂಡಿನಲ್ಲಿ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ ಯಾರಾದರೊಬ್ಬರು ಬಳಿ ಬಂದು, "ಡಾಕ್ಟರೇ, ಇತ್ತೀಚೆಗೆ ಯಾಕೋ ವಿಪರೀತ ಸುಸ್ತು" ಎನ್ನುವುದುಂಟು. ಕೆಲವು ವರ್ಷಗಳ ಹಿಂದೆ ಯುಗಾದಿ ಕೂಟವೊಂದರಲ್ಲಿ ಪರಿಚಿತ ಮಹಿಳೆಯೊಬ್ಬರು ಹೀಗೆ ಹೇಳಿದಾಗ, "ಚಳಿಗಾಲ ಈಗಷ್ಟೇ ಮುಗಿದಿದೆ, ಬಿಸಿಲು ಬಂದರೆ ಸರಿಹೋಗುತ್ತದೆ" ಎಂದುಬಿಟ್ಟೆ. ಅದು ವೈದ್ಯನಾಡುವ ಮಾತಾಗಿರಲಿಲ್ಲ. ಅದೇ ವರ್ಷದ ರಾಜ್ಯೋತ್ಸವದಂದು ಅವರು ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

ಅಂದು ಕುಳಿತು ವಿಚಾರಿಸಿದೆ. ಪಾದಗಳ ಜೋಮನ್ನು ಒಬ್ಬ ವೈದ್ಯರಿಗೆ ಹೇಳಿದ್ದರು, ನಾಲಿಗೆಯ ಉರಿಯನ್ನು ದಂತವೈದ್ಯರಿಗೆ, ಮರೆವು ಮತ್ತು ಖಿನ್ನತೆಯನ್ನು ಇನ್ನೊಬ್ಬರಿಗೆ. ಪ್ರತಿಯೊಬ್ಬರೂ ತಮ್ಮ ಪಾಲಿನ ದೂರಿಗೆ ಔಷಧ ಬರೆದಿದ್ದರು. ಹುಟ್ಟು ಸಸ್ಯಾಹಾರಿಯಾದ ಅವರು ಮಧುಮೇಹಕ್ಕಾಗಿ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರು. ಎಲ್ಲ ದೂರುಗಳಿಗೂ ಮೂಲ ಒಂದೇ ಆಗಿತ್ತು: ಬಿ12 ಜೀವಸತ್ವದ ಕೊರತೆ. ಚುಚ್ಚುಮದ್ದಿನಿಂದ ಶಕ್ತಿ ಮರಳಿತು. ಪಾದಗಳ ಜೋಮು ಪೂರ್ತಿ ಹೋಗಲಿಲ್ಲ.

ರಕ್ತಕಣಗಳ ಉತ್ಪತ್ತಿಗೂ ನರಗಳ ಕವಚಕ್ಕೂ ಬಿ12 ಅವಶ್ಯಕ. ಆದುದರಿಂದಲೇ ಅದರ ಕೊರತೆ ದೇಹದ ಹಲವು ಅಂಗಗಳಲ್ಲಿ ಏಕಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ಸದ್ದಿಲ್ಲದೆ ಬೆಳೆಯುತ್ತದೆ. ಹಾಲು, ಮೊಸರು, ಮೊಟ್ಟೆಗಳಲ್ಲಿ ಅದು ದೊರೆಯುತ್ತದೆ. ಅನ್ನ, ಸಾರು, ಪಲ್ಯಗಳಲ್ಲಿ ಇಲ್ಲ. ಮೆಟ್‌ಫಾರ್ಮಿನ್ ಮತ್ತು ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂತಹ ಗುಳಿಗೆಗಳ ದೀರ್ಘಕಾಲದ ಸೇವನೆ ಅದರ ಹೀರಿಕೆಯನ್ನು ಕುಗ್ಗಿಸಬಹುದು. ರಕ್ತಹೀನತೆ ಇಲ್ಲದಿರುವಾಗಲೂ ನರಗಳಿಗೆ ಹಾನಿಯಾಗಬಹುದೆಂಬುದನ್ನು ವೈದ್ಯರೂ ಮರೆಯುತ್ತೇವೆ.

ಆದರೆ ಸುಸ್ತೆಲ್ಲವೂ ಬಿ12ರ ಕೊರತೆಯಲ್ಲ. ಥೈರಾಯ್ಡ್ ಗ್ರಂಥಿ ಮಂದವಾದರೆ ಸುಸ್ತಿನೊಡನೆ ಮಲಬದ್ಧತೆ, ಒಣಚರ್ಮ, ಚಳಿ ತಡೆಯಲಾರದಿರುವುದು, ತೂಕದ ಹೆಚ್ಚಳ ಕಾಣಬಹುದು. ಡಿ ಜೀವಸತ್ವದ ಕೊರತೆ ಮೂಳೆನೋವನ್ನೂ ತೊಡೆಗಳ ಬಲಹೀನತೆಯನ್ನೂ ತರುತ್ತದೆ. ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಇಲ್ಲಿನ ಬಿಸಿಲು ಅದನ್ನು ತಯಾರಿಸಲು ಸಾಲದು. ಕಬ್ಬಿಣದ ಕೊರತೆ, ಮಧುಮೇಹ, ಸೀಲಿಯಾಕ್ ರೋಗ, ಮೂತ್ರಪಿಂಡದ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವುದು, ಲೂಪಸ್, ಖಿನ್ನತೆ ಇವೆಲ್ಲವೂ ಸುಸ್ತಿನ ವೇಷದಲ್ಲೇ ಬರಬಲ್ಲವು. ತೂಕ ಇಳಿಯುತ್ತಿದ್ದರೆ, ರಾತ್ರಿ ಬೆವರುತ್ತಿದ್ದರೆ, ಜ್ವರ ಬಿಡದಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಂದು ವಾರವೂ ಕಾಯಬಾರದು.

ಇಲ್ಲಿ ಕುಟುಂಬವೈದ್ಯರ ಭೇಟಿಗೆ ದೊರೆಯುವುದು ಹತ್ತು ನಿಮಿಷದ ಆಸುಪಾಸು. ಒಂದು ಭೇಟಿಗೆ ಒಂದೇ ದೂರು ಎಂಬ ರೂಢಿಯೂ ಅನೇಕ ಕಡೆ ಇದೆ. ಹಲವು ಅಂಗಗಳಲ್ಲಿ ಹರಡಿದ ರೋಗಕ್ಕೆ ಈ ಪದ್ಧತಿ ತಕ್ಕುದಲ್ಲ. ಆದರೆ ತಪ್ಪು ವ್ಯವಸ್ಥೆಯದು ಮಾತ್ರವಲ್ಲ. ನಾವು ಸಂಕೋಚದಿಂದ ಅರ್ಧ ಹೇಳಿ ಏಳುತ್ತೇವೆ. ಊರಿಗೆ ಹೋದಾಗ ಮಾಡಿಸಿದ ತಪಾಸಣೆಯ ದಪ್ಪ ಕಡತವನ್ನು ಬೀರುವಿನಲ್ಲಿಡುತ್ತೇವೆ. ಅಲ್ಲಿ ಕೊಳ್ಳುವ ಗುಳಿಗೆಗಳ ಸುದ್ದಿಯನ್ನೇ ಎತ್ತುವುದಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟು. ಎಲ್ಲ ಲಕ್ಷಣಗಳನ್ನೂ ಅವು ಆರಂಭವಾದ ಕಾಲವನ್ನೂ, ಆಹಾರ ಮತ್ತು ಔಷಧಗಳನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ, ಭೇಟಿಯ ಆರಂಭದಲ್ಲೇ ಕೊಡಿ. ಎರಡು ಭೇಟಿಗಳ ಅವಧಿ ಬೇಕೆಂದು ಮೊದಲೇ ಕೇಳಬಹುದು. ಪರೀಕ್ಷೆಗೆ ಮುನ್ನ ಬಿ12 ಗುಳಿಗೆಗಳನ್ನು ನೀವಾಗಿ ನುಂಗಬೇಡಿ, ಫಲಿತಾಂಶ ದಾರಿತಪ್ಪಿಸುತ್ತದೆ. ಮೆಟ್‌ಫಾರ್ಮಿನ್ ಅನ್ನು ನೀವಾಗಿ ನಿಲ್ಲಿಸಲೂಬೇಡಿ. ಬಿ12ರ ಮಟ್ಟ ಲೀಟರಿಗೆ 180ರಿಂದ 350 ನ್ಯಾನೊಗ್ರಾಂ ನಡುವೆ ಇದ್ದರೆ ಅದು ನಿಶ್ಚಿತ ಉತ್ತರವಲ್ಲ ಎಂದು ಇಲ್ಲಿನ 2024ರ ಮಾರ್ಗಸೂಚಿ ಹೇಳುತ್ತದೆ. "ನಾರ್ಮಲ್" ಎಂಬ ಮಾತಿಗೆ ತೃಪ್ತರಾಗದೆ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಿ.

ಎಲ್ಲ ಪರೀಕ್ಷೆಗಳೂ ಸರಿಯಿದ್ದು ಸುಸ್ತು ಉಳಿದರೆ ಅದು ಕಲ್ಪನೆಯೆಂದು ಅರ್ಥವಲ್ಲ. ಹುಡುಕಾಟ ಇನ್ನೂ ಮುಗಿದಿಲ್ಲವೆಂದಷ್ಟೇ ಅರ್ಥ. ಈಗ ಸಮಾರಂಭಗಳಲ್ಲಿ ಯಾರಾದರೂ ಸುಸ್ತು ಎಂದರೆ ನಾನು ಹವಾಮಾನದ ಮಾತೆತ್ತುವುದಿಲ್ಲ. "ಮತ್ತೇನಾಗುತ್ತಿದೆ?" ಎಂದು ಕೇಳುತ್ತೇನೆ.